ಖಂಡೆಪೂಜೆಗೆ ಇಟ್ಟ ಸೂಜಿಡಬ್ಬಿ

ನನ್ನ ಮಗಳಿಗೆ ಶೇಂಗಾ ಆಗುವುದಿಲ್ಲ ಎಂದರೆ ರಾಯಚೂರಿನ ಮಂದಿ ಮೊದಲು ನಗುತ್ತಿದ್ದರು, ಆಮೇಲೆ ಮರುಗುತ್ತಿದ್ದರು, ಕೊನೆಗೆ ಒಂದು ಹಿಡಿ ಶೇಂಗಾ ತಂದು ಅವಳ ಕೈಗೇ ಇಡುತ್ತಿದ್ದರು.

“ಒಂದ್ ನಾಕ್ ಕಾಳು ತಿಂದ್ರ ಏನಾಗ್ತದ ಬಿಡ್ರಿ ಟೀಚರ್, ರೂಢಿ ಆಗ್ತದ.”

ಈ ಮಾತನ್ನು ಎಷ್ಟು ಬಾಯಿಂದ ಕೇಳಿದ್ದೇನೋ. ಮೊದಮೊದಲು ಸಮಾಧಾನದಿಂದ ತಿಳಿಸಿ ಹೇಳುತ್ತಿದ್ದೆ. ಆಮೇಲೆ ಜಗಳ ಆಡುವುದೇ ಸುಲಭ ಅನ್ನಿಸಿತು. ನಾನಿದ್ದ ಓಣಿಯಲ್ಲೂ ನಾನು ಕಲಿಸುತ್ತಿದ್ದ ಪ್ರಾಥಮಿಕ ಶಾಲೆಯಲ್ಲೂ ನನಗೆ ಜೋರು ಬಾಯಿಯವಳು ಎಂಬ ಹೆಸರು ಬಂದದ್ದು ಆ ಕಾಲದಲ್ಲೇ. ಬಂದರೆ ಬರಲಿ ಅಂದುಕೊಂಡೆ. ಒಳ್ಳೆಯವಳು ಅನ್ನಿಸಿಕೊಂಡು ಮಗಳನ್ನು ಕಳೆದುಕೊಳ್ಳುವ ಆಸೆ ನನಗಿರಲಿಲ್ಲ.

ಮಂದಿಯದೂ ತಪ್ಪಿಲ್ಲ. ನಮ್ಮ ಕಡೆ ಶೇಂಗಾ ಇಲ್ಲದ ಅಡಿಗೆಯೇ ಇಲ್ಲ. ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ, ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಬಸ್‌ಸ್ಟ್ಯಾಂಡಿನಲ್ಲಿ ಹುರಿದ ಶೇಂಗಾ ಪೊಟ್ಟಣ. ನಾನು ಕುಸುಬೆ ಎಣ್ಣೆ ತಂದು, ಅಗಸೆ ಹಿಂಡಿ, ಗುರೆಳ್ಳು ಹಿಂಡಿ ಮಾಡಿಕೊಂಡು ನನ್ನ ಅಡಿಗೆಮನೆಯಿಂದ ಶೇಂಗಾವನ್ನು ಹೊರಗೆ ಹಾಕಿದ್ದೆ. ಊರಿನಿಂದ ಹೊರಗೆ ಹಾಕುವುದು ಯಾರಿಂದ ಆಗುತ್ತದೆ?

ಮೊದಲ ಸಲ ಗೊತ್ತಾದದ್ದು ಮಾನ್ವಿಯಲ್ಲಿ, ನನ್ನ ತವರಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ಮಗಳಿಗೆ ನಾಲ್ಕು ವರ್ಷ. ನಾಗರಪಂಚಮಿಗೆ ನನ್ನ ತಾಯಿ ಡಬ್ಬಿ ತುಂಬ ಉಂಡಿ ಕಟ್ಟಿದ್ದಳು. ಶೇಂಗಾ ಉಂಡಿಯ ಅರ್ಧ ತಿಂದ ಕೂಸು ಜೋಕಾಲಿಯ ಮೇಲೆ ಕೂತಿತ್ತು. ಸ್ವಲ್ಪ ಹೊತ್ತಿಗೆ ಅಂಗೈ ಕೆರೆದುಕೊಳ್ಳತೊಡಗಿತು. ಮೈತುಂಬ ದದ್ದು ಎದ್ದವು, ತುಟಿ ಬಾತಿತು, ಉಸಿರಿನಲ್ಲಿ ಸಿಳ್ಳೆ ಹೊಡೆದಂಥ ಸಪ್ಪಳ ಬರತೊಡಗಿತು. ನನ್ನ ತಾಯಿ ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಓಡಿದೆ. ಸರಕಾರಿ ದವಾಖಾನೆ ಎರಡೇ ಓಣಿ ಆಚೆ ಇತ್ತು, ಡಾಕ್ಟರು ಒಳಗೇ ಇದ್ದರು. ಅವೆರಡರಲ್ಲಿ ಒಂದು ತಪ್ಪಿದ್ದರೂ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ.

ರಾಯಚೂರಿಗೆ ಬಂದ ಮೇಲೆ ಮಕ್ಕಳ ಡಾಕ್ಟರೊಬ್ಬರ ಹತ್ತಿರ ಹೋದೆವು. ವಯಸ್ಸಾದವರು, ಮಾತು ಕಡಿಮೆ. ಎಲ್ಲ ಕೇಳಿಕೊಂಡು ಎರಡೇ ಮಾತು ಹೇಳಿದರು. ಒಂದು, ಶೇಂಗಾ ಜನ್ಮದಲ್ಲಿ ಬೇಡ. ಇನ್ನೊಂದು, ತಪ್ಪಿ ಬಾಯಿಗೆ ಬಿದ್ದರೆ ದವಾಖಾನೆ ಮುಟ್ಟುವವರೆಗೆ ಕಾಯುವ ಹಾಗಿಲ್ಲ, ಅಡ್ರಿನಲಿನ್ ಸೂಜಿ ಇದ್ದ ಜಾಗದಲ್ಲೇ ಬೀಳಬೇಕು.

“ಅಲ್ಲೇ ಯಾರ್ ಹಾಕ್ಬೇಕ್ರೀ?” ಅಂದರು ನನ್ನ ಯಜಮಾನರು.

ಡಾಕ್ಟರು ನನ್ನ ಕಡೆ ನೋಡಿದರು. “ಟೀಚರ್ ಅದಾರಲ್ಲ, ಕಲೀತಾರ.”

ಕಲಿತೆ. ಒಂದು ವಾರ ಸಂಜೆ ಅವರ ದವಾಖಾನೆಯ ಹಿಂದಿನ ಕೋಣೆಯಲ್ಲಿ ಮೋಸಂಬಿಗೆ ನೀರು ಚುಚ್ಚಿ ಚುಚ್ಚಿ ಕಲಿತೆ. ಔಷಧಿ ತುಂಬಿದ ಪುಟ್ಟ ಗಾಜಿನ ಆಂಪೂಲಿನ ಕುತ್ತಿಗೆಗೆ ಸಣ್ಣ ಅರದಿಂದ ಗೀರು ಹಾಕುವುದು, ಅರಿವೆ ಹಿಡಿದು ಟಕ್ಕನೆ ಮುರಿಯುವುದು, ಸಿರಿಂಜಿನ ಮೇಲೆ ಡಾಕ್ಟರು ಬಿಳಿ ಪಟ್ಟಿ ಅಂಟಿಸಿದ ಗುರುತಿನವರೆಗೆ ಎಳೆದುಕೊಳ್ಳುವುದು, ಗಾಳಿ ಬಿಡುವುದು, ತೊಡೆಯ ಹೊರಬದಿಗೆ ಹಾಕುವುದು. ಮೊದಲ ದಿನ ಮೂರು ಆಂಪೂಲು ನನ್ನ ಕೈಯಲ್ಲೇ ಪುಡಿಯಾದವು, ಬೆರಳು ಕೊಯ್ದುಕೊಂಡೆ. ಡಾಕ್ಟರು ಬೈಯಲಿಲ್ಲ. ಇನ್ನೊಂದು ಕೊಟ್ಟರು, ಅಷ್ಟೇ. ಕೊನೆಯ ದಿನ ತಮ್ಮದೇ ಒಂದು ಹಳೆಯ ಸ್ಟೀಲಿನ ಸೂಜಿಡಬ್ಬಿ ಕೊಟ್ಟು ಹೇಳಿದರು, “ಇದು ಕೂಸು ಎಲ್ಲಿ ಇರ್ತದೋ ಅಲ್ಲಿ ಇರ್ಬೇಕು. ಕೂಸು ಒಂದ್ ಕಡಿ, ಇದು ಒಂದ್ ಕಡಿ ಆದ್ರ ಇದಕ್ಕ ಅರ್ಥ ಇಲ್ಲ.”

ಮನೆಗೆ ಬಂದ ಮೇಲೆ ಯಜಮಾನರು ಬೇರೆ ರಾಗ ತೆಗೆದರು. ಅವರು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಎಲ್ಲಿ ಅಪಾಯ ಕಂಡರೂ ಮಷೀನು ಬಂದ್ ಮಾಡುವುದು ಅವರ ರೂಢಿ. “ಸಾಲಿಗೆ ಹೋಗಿ ಮನಿಗೆ ಬರ್ಲಿ. ಆಟ, ಪಿಕ್ನಿಕ್ಕು, ಮಂದಿ ಮನಿ ಎಲ್ಲಾ ಬ್ಯಾಡ” ಅಂದರು.

“ಕೂಸಿಗೆ ಶೇಂಗಾ ಆಗಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರ. ಊರು ಕೇರಿ ಆಗಂಗಿಲ್ಲ ಅಂತ ಹೇಳಿಲ್ಲ” ಅಂದೆ ನಾನು. ನಾಲ್ಕು ದಿನ ಮಾತು ಬಿಟ್ಟರು. ಐದನೆಯ ದಿನ ಡಬ್ಬಿಯ ಸಡಿಲಾಗಿದ್ದ ಕೊಂಡಿಯನ್ನು ತಾವೇ ಬಿಗಿ ಮಾಡಿಕೊಟ್ಟರು.

ಅಲ್ಲಿಂದ ಡಬ್ಬಿ ನನ್ನ ಮೈಗೆ ಅಂಟಿಕೊಂಡಿತು. ಒಳಗೆ ಎರಡು ಆಂಪೂಲು, ಒಂದು ಒಡೆದರೆ ಇನ್ನೊಂದು ಇರಲಿ ಎಂದು. ಅವುಗಳ ಮೇಲೆ ಬೆಳಕು ಬೀಳಬಾರದೆಂದು ಫೋಟೋ ಸ್ಟುಡಿಯೋದವರನ್ನು ಕಾಡಿ ಬೇಡಿ ತಂದ ಕರೀ ಕಾಗದ. ವಾರಕ್ಕೊಮ್ಮೆ ಕುದಿಸಿದ ಸಿರಿಂಜು, ಎರಡು ಸೂಜಿ, ಅರ, ಸ್ಪಿರಿಟಿನ ಅರಳೆ. ತಿಂಗಳಿಗೊಮ್ಮೆ ಆಂಪೂಲನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದೆ. ಔಷಧಿ ನೀರಿನ ಹಾಗೆ ಇದ್ದರೆ ಸರಿ, ಸ್ವಲ್ಪ ಕೆಂಪಡರಿದ್ದರೂ ಚೆಲ್ಲಿ ಹೊಸದು ತರಬೇಕು. ರಾಯಚೂರಿನ ಬೇಸಿಗೆಯಲ್ಲಿ ಮನುಷ್ಯರೇ ಕೆಂಪಡರುತ್ತಾರೆ, ಔಷಧಿಯ ಪಾಡು ಕೇಳಬೇಕೆ? ಒದ್ದೆ ಟವೆಲಿನಲ್ಲಿ ಸುತ್ತಿದ ತಗಡಿನ ಡಬ್ಬಿ, ಅದರೊಳಗೆ ಸೂಜಿಡಬ್ಬಿ, ಎಲ್ಲ ಸೇರಿ ಒಂದು ಕೈಚೀಲ. ಆಗಿನ ಬಸ್ಸಿನಲ್ಲಿ ಹೆಂಗಸರನ್ನು ಡ್ರೈವರನ ಮಗ್ಗುಲಿಗೆ, ಕಾದ ಎಂಜಿನ್ನಿನ ಹತ್ತಿರ ಕೂಡಿಸುವುದು ಪದ್ಧತಿ. ನಾನು ಮಾತ್ರ ಚೀಲ ಎದೆಗೆ ಹಿಡಿದು ಹಿಂದೆ ನಿಲ್ಲುತ್ತಿದ್ದೆ. “ಮುಂದ ಜಾಗ ಅದ, ಯಾಕ್ ನಿಂತೀರಿ?” ಎಂದು ಕಂಡಕ್ಟರನೊಬ್ಬ ದಿನಾ ಕೇಳುತ್ತಿದ್ದ. “ಬೆಣ್ಣಿ ಅದಪ್ಪಾ, ಕರಗ್ತದ” ಎನ್ನುತ್ತಿದ್ದೆ. ಅವನಿಗೆ ನನ್ನ ತಲೆ ಸ್ವಲ್ಪ ಕೆಟ್ಟಿದೆ ಎಂಬ ಅನುಮಾನ ಕೊನೆಯವರೆಗೂ ಹೋಗಲಿಲ್ಲ.

ಹೀಗೆ ಐದು ವರ್ಷ ಕಳೆದವು. ಮಗಳು ನನ್ನ ಶಾಲೆಗೇ ಸೇರಿದಳು, ಪಿಕ್ನಿಕ್ಕಿಗೆ ಹೋದಳು, ಮದುವೆ ಉಂಡಳು, ಖೋಖೋ ಕಲಿತಳು. ಖೋಖೋದಲ್ಲಿ ಅವಳು ಕೈಗೆ ಸಿಗುತ್ತಿರಲಿಲ್ಲ. ಎಲ್ಲಿ ಹೋದರೂ ಅವಳ ಹಿಂದೆ ನಾನು, ನನ್ನ ಹೆಗಲಲ್ಲಿ ಚೀಲ. ಒಮ್ಮೆಯೂ ಡಬ್ಬಿ ತೆರೆಯುವ ಪ್ರಸಂಗ ಬರಲಿಲ್ಲ. ಬರದೇ ಇದ್ದದ್ದೇ ನನ್ನನ್ನು ಸಡಿಲ ಮಾಡಿತೋ ಏನೋ.

ಅವಳಿಗೆ ಒಂಬತ್ತು ತುಂಬಿದ ವರ್ಷ ದಸರಾ ರಜೆಗೆ ದೇವದುರ್ಗಕ್ಕೆ ಹೋಗಿದ್ದೆವು, ನನ್ನ ಅತ್ತೆಯ ಮನೆಗೆ. ಅತ್ತೆ ಒಬ್ಬಳೇ ನಿಂತು ಹೊಲ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ನನಗೂ ಅವಳಿಗೂ ಅತ್ತೆ ಸೊಸೆಯರಿಗೆ ಇರಬೇಕಾದಷ್ಟು ತಿಕ್ಕಾಟ ಇದ್ದೇ ಇತ್ತು. ಆದರೆ ಮೊಮ್ಮಗಳ ವಿಷಯದಲ್ಲಿ ಅವಳನ್ನು ನಂಬುತ್ತಿದ್ದೆ. ನಾವು ಬರುತ್ತೇವೆಂದರೆ ಹಿಂದಿನ ದಿನವೇ ಮನೆಯ ಶೇಂಗಾ ಚೀಲಗಳನ್ನು ಮಗ್ಗುಲಮನೆಗೆ ಸಾಗಿಸಿ, ಒಳಕಲ್ಲು ತೊಳೆದು ಇಡುತ್ತಿದ್ದಳು.

ಮಹಾನವಮಿಯ ದಿನ ನಮ್ಮ ಕಡೆ ಆಯುಧಪೂಜೆ, ಖಂಡೆಪೂಜೆ ಅನ್ನುತ್ತೇವೆ. ದೇವರ ಜಗಲಿಯ ಮೇಲೆ ಮನೆಯಲ್ಲಿ ದುಡಿಯುವ ಪ್ರತಿಯೊಂದು ಸಾಮಾನೂ ಬಂದು ಕೂಡುತ್ತದೆ. ಕುಡುಗೋಲು, ಕಳೆ ತೆಗೆಯುವ ಕುರ್ಚಿಗೆ, ತಕ್ಕಡಿ, ಬಾರುಕೋಲು, ನನ್ನ ಯಜಮಾನರ ನಟ್ಟು ಬಿಗಿಯುವ ಪಾನಾ, ನನ್ನ ಪೆನ್ನು, ಮಗಳ ಪಾಟಿ. ಎಲ್ಲಕ್ಕೂ ವಿಭೂತಿ, ಕುಂಕುಮ, ಅರಿಶಿನದ ದಾರ. ಇಟ್ಟ ಮೇಲೆ ಮರುದಿನ ಬನ್ನಿ ಮುಡಿಯುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅವುಗಳಿಗೆ ಅದೊಂದು ದಿನ ಬಿಡುವು. ಅಂದು ಆ ಮನೆಯಲ್ಲಿ ಕಾಯಿಪಲ್ಲೆಯನ್ನೂ ಕೈಯಿಂದ ಮುರಿದೇ ಹಾಕುತ್ತಿದ್ದರು.

ಮಧ್ಯಾಹ್ನ ಮನೆಯ ಹಿಂದಿನ ಶಾಲೆಯ ಬಯಲಿನಲ್ಲಿ ಊರಿನ ತರುಣರು ಹೆಣ್ಣುಮಕ್ಕಳ ಖೋಖೋ ಇಟ್ಟಿದ್ದರು. ಓಣಿಯ ತಂಡದಲ್ಲಿ ಮಗಳ ಹೆಸರಿತ್ತು. ಹೊರಡುವಾಗ ಚೀಲ ಎತ್ತಿಕೊಂಡೆ, ಹಗುರ ಅನ್ನಿಸಿತು. ಒಳಗೆ ಕೈ ಹಾಕಿದೆ. ಒದ್ದೆ ಟವೆಲು ಇತ್ತು, ತಗಡಿನ ಡಬ್ಬಿ ಇತ್ತು, ಸೂಜಿಡಬ್ಬಿ ಇರಲಿಲ್ಲ. ಜಗಲಿಯ ಕಡೆ ನೋಡಿದರೆ ಕುಡುಗೋಲಿಗೂ ತಕ್ಕಡಿಗೂ ನಡುವೆ ಮೂರು ಬೆರಳು ವಿಭೂತಿ ಹಚ್ಚಿಕೊಂಡು, ಅರಿಶಿನದ ದಾರ ಸುತ್ತಿಸಿಕೊಂಡು ಕೂತಿತ್ತು.

“ಅತ್ತೀ, ಇದನ್ಯಾಕ ಇಟ್ರಿ?”

“ಯಾಕ ಅಂದ್ರ? ಕೂಸಿನ ಜೀವಾ ಕಾಯೋದು ಅದಽ ಅಲ್ಲೇನು? ಎಲ್ಲಾಕ್ಕಿಂತ ಮೊದ್ಲ ಅದಕ್ಕ ಪೂಜಿ ಆಗ್ಬೇಕು.” ಅವಳ ಮುಖದಲ್ಲಿ ಅಷ್ಟು ಅಕ್ಕರೆ ಇತ್ತು, ನನಗೆ ಬಯ್ಯಲು ಬಾಯಿ ಬರಲಿಲ್ಲ.

“ಈಗ ಬೇಕಾಗ್ಯದ. ಆಟಕ್ಕ ಹೊಂಟೀವಿ.”

“ಇಟ್ಟದ್ದನ್ನ ಎತ್ತಬಾರ್ದವ್ವಾ. ಎತ್ತಿದ್ರ ಅದರ ಸತ್ವ ಹೋಗ್ತದ. ದೇವಿ ಸಿಟ್ಟು ಕೂಸಿನ ಮ್ಯಾಗ ಬರ್ತದ. ಬಯಲು ಇಲ್ಲೇ ಹಿತ್ತಲ ಹಿಂದ ಅದ. ಕೂಗಿದ್ರ ಕೇಳ್ತದ.”

ಇಲ್ಲಿ ನಾನು ನಿಜ ಹೇಳಬೇಕು. ಶಾಲೆಯಲ್ಲಿ ನಾನು ಮಕ್ಕಳಿಗೆ ಮೂಢನಂಬಿಕೆಯ ಪಾಠ ಮಾಡುತ್ತಿದ್ದವಳು. ಕಂಡಕ್ಟರನ ಹತ್ತಿರ, ಹೆಡ್‌ಮಾಸ್ಟರರ ಹತ್ತಿರ, ಗಂಡನ ಹತ್ತಿರ ಈ ಡಬ್ಬಿಗಾಗಿ ಜಗಳ ಆಡಿದವಳು. ಆ ಜಗಲಿಯ ಮುಂದೆ ಕೈ ಚಾಚಿದೆ. ‘ಕೂಸಿನ ಮ್ಯಾಗ ಬರ್ತದ’ ಎಂಬ ಮಾತು ಕಿವಿಯಲ್ಲೇ ಇತ್ತು, ಕೈ ಮುಂದೆ ಹೋಗಲಿಲ್ಲ. ಹಬ್ಬದ ದಿನ ಜಗಳ ಬೇಡ, ಬಯಲು ಹತ್ತಿರ ಇದೆ, ಮಗಳಿಗೆ ಬುದ್ಧಿ ಇದೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅತ್ತೆಗೆ ಹೆದರಲಿಲ್ಲ, ದೇವಿಗೆ ಹೆದರಿದೆ. ಸೂಜಿಡಬ್ಬಿ ಇಲ್ಲದ ಚೀಲವನ್ನು ಮೊಳೆಗೆ ಸಿಕ್ಕಿಸಿ ಹೊರಟೆ.

ಅತ್ತೆಯೂ ಬಂದಳು. ಬಯಲಿನ ಮೋಟುಗೋಡೆಯ ಮೇಲೆ ಓಣಿಯ ಹೆಂಗಸರ ಜೊತೆ ಎಲೆ ಅಡಿಕೆ ಹಾಕಿಕೊಂಡು ಕೂತಳು. ಮಗಳು ಚಂದ ಆಡಿದಳು. ಆಟದ ನಡುವೆ ಬಿಡುವು ಬಂತು. ಮಕ್ಕಳಿಗೆಲ್ಲ ಕಾಗದದಲ್ಲಿ ಮಂಡಾಳ ಒಗ್ಗರಣೆ, ಅಂದರೆ ಮಂಡಕ್ಕಿಯ ಒಗ್ಗರಣೆ, ಹಂಚಿದರು. ಮಗಳು ಕಾಗದವನ್ನು ಬಿಡಿಸಿ, ಬೆರಳಿನಿಂದ ಸರಿಸಿ ಸರಿಸಿ ನೋಡುವುದು ದೂರದಿಂದಲೇ ಕಾಣುತ್ತಿತ್ತು. ನಾನು ಕಲಿಸಿದ್ದೇ ಹಾಗೆ. ಹಂಚುವವನನ್ನು ಏನೋ ಕೇಳಿದಳು, ಅವನು ಇಲ್ಲ ಎಂದು ತಲೆ ಆಡಿಸಿದ. ತಿಂದಳು. ಒಗ್ಗರಣೆಯಲ್ಲಿ ಶೇಂಗಾ ಕಾಳು ಇರಲಿಲ್ಲ ನಿಜ. ಮೇಲೆ ಉದುರಿಸುವ ಪುಠಾಣಿ ಹಿಟ್ಟು, ಹುರಿಗಡಲೆಯ ಪುಡಿ, ಸಾಲದೆ ಬಂದಿತ್ತು, ರುಚಿಯೂ ಆಗಲಿ ಎಂದು ಅಡಿಗೆಯವರು ಅದಕ್ಕೆ ಶೇಂಗಾ ಕುಟ್ಟಿ ಬೆರೆಸಿದ್ದರಂತೆ. ಅದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಮತ್ತೆ ಆಟ ಶುರುವಾಯಿತು. ಮಗಳು ಸಾಲಿನಲ್ಲಿ ಕೂತವಳು ಅಂಗೈ ಕೆರೆದುಕೊಂಡಳು. ಧೂಳು ಇರಬೇಕು ಅಂದುಕೊಂಡೆ. ಅಂದುಕೊಂಡದ್ದಲ್ಲ, ಹಾಗೆ ಇರಲಿ ಎಂದು ಬೇಡಿಕೊಂಡೆ. ‘ಖೋ’ ಬಿತ್ತು, ಅವಳು ಏಳಲಿಲ್ಲ. ಆಮೇಲೆ ಎದ್ದವಳು ಆಟ ಬಿಟ್ಟು ನನ್ನ ಕಡೆ ನಡೆದು ಬಂದಳು.

“ಯವ್ವಾ, ಗಂಟಲಾಗ ಏನೋ ಆಗಾಕತ್ತದ.”

ದನಿ ಅವಳದಾಗಿರಲಿಲ್ಲ. ಕತ್ತಿನ ಮೇಲೆ ದದ್ದು ಏಳುತ್ತಿದ್ದವು. ಅವಳನ್ನು ಅಲ್ಲೇ ನೆಲದ ಮೇಲೆ ಮಲಗಿಸಿದೆ. ಉಸಿರಿಗೆ ಕಷ್ಟವಾಗಿ ಎದ್ದು ಕೂತಳು. ಎದೆಗೆ ಒರಗಿಸಿಕೊಂಡೆ. ಬಿಟ್ಟು ಓಡಲೇ, ಎತ್ತಿಕೊಂಡು ಓಡಲೇ? ಐದು ವರ್ಷ ಹಗಲೂ ರಾತ್ರಿ ಹೊತ್ತು ತಿರುಗಿದ ಡಬ್ಬಿ, ಬೇಕಾದ ಒಂದೇ ಗಳಿಗೆಯಲ್ಲಿ ನನ್ನ ಹೆಗಲಲ್ಲಿ ಇರಲಿಲ್ಲ. ನನಗೆ ನನ್ನ ಮೇಲೆ ಬಂದ ಸಿಟ್ಟು ಈಗಲೂ ಆರಿಲ್ಲ.

“ಅತ್ತೀ!” ಎಂದು ಕೂಗಿ ಗೋಡೆಯ ಕಡೆ ತಿರುಗಿದೆ. ಅತ್ತೆ ಅಲ್ಲಿರಲಿಲ್ಲ. ಎಲೆ ಅಡಿಕೆಯ ಸಂಚಿ ಗೋಡೆಯ ಕೆಳಗೆ ಬಿದ್ದಿತ್ತು. ಮಗಳು ಖೋ ಬಿದ್ದರೂ ಏಳದೇ ಇದ್ದದ್ದನ್ನು ನನಗಿಂತ ಮೊದಲೇ ನೋಡಿದವಳು ಅವಳು. ಯಾರಿಗೂ ಏನೂ ಹೇಳದೆ ಎದ್ದು ಹೋಗಿದ್ದಳು. ಹಿತ್ತಲ ಬಾಗಿಲಿನಿಂದ ಈಗ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಬರಿಗಾಲಿನಲ್ಲಿ, ಆ ವಯಸ್ಸಿನಲ್ಲಿ ಓಡಿ ಬರುತ್ತಿದ್ದಳು. ಕೈಯಲ್ಲಿ ಡಬ್ಬಿ ಇತ್ತು. ಬರುತ್ತಲೇ ಅರಿಶಿನದ ದಾರವನ್ನು ಹಲ್ಲಿನಿಂದ ಕಡಿದು ನನ್ನ ಮುಂದೆ ಇಟ್ಟಳು.

“ಹಾಕು. ದೇವಿಗೆ ನಾ ಉತ್ತರ ಕೊಡ್ತೀನಿ.”

ಮುಚ್ಚಳದ ಮೇಲಿನ ಕುಂಕುಮ ಬೆರಳಿಗೆ ಹತ್ತಿತು. ಸ್ಪಿರಿಟಿನ ಅರಳೆಯಿಂದ ಕೈ ಒರೆಸಿಕೊಂಡೆ. ಆಂಪೂಲು ಸರಿಯಾಗಿ ಮುರಿಯಿತು. ಬಿಳಿ ಪಟ್ಟಿಯವರೆಗೆ ಎಳೆದೆ, ಗಾಳಿ ಬಿಟ್ಟೆ, ತೊಡೆಗೆ ಹಾಕಿದೆ. ಅತ್ತೆ ಮೊಮ್ಮಗಳ ಪಾದ ತಿಕ್ಕುತ್ತಾ ಕೂತಳು. ಒಂದೊಂದು ಉಸಿರನ್ನೂ ಕೇಳುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಸಿಳ್ಳೆ ಸಣ್ಣದಾಯಿತು. ಮಗಳು ಬೆಳ್ಳಗಾಗಿ ಗಡಗಡ ನಡುಗುತ್ತಾ, “ಎದಿ ಹೊಡ್ಕೊಳ್ಳಾಕತ್ತದ” ಅಂದಳು. ಹಾಗೆ ಆಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಹೊಡೆದುಕೊಳ್ಳಲಿ ತಾಯಿ, ಹೊಡೆದುಕೊಳ್ಳುತ್ತಲೇ ಇರಲಿ ಅಂದುಕೊಂಡೆ. ಯಾರದೋ ಜೀಪಿನಲ್ಲಿ ಸರಕಾರಿ ದವಾಖಾನೆಗೆ ಒಯ್ದೆವು. ಅಲ್ಲಿಯ ಡಾಕ್ಟರು ಇನ್ನೆರಡು ಸೂಜಿ ಹಾಕಿ, ಮರುದಿನದವರೆಗೆ ಇಲ್ಲೇ ಇರಲಿ, ಇದು ಹೋಗಿ ಮತ್ತೆ ತಿರುಗಿ ಬರುವುದುಂಟು ಅಂದರು.

ಪೇಟೆಗೆ ಹೋಗಿದ್ದ ಯಜಮಾನರು ಸುದ್ದಿ ಕೇಳಿ ಓಡಿ ಬಂದರು. ಮಗಳನ್ನು ಮುಟ್ಟಿ ನೋಡಿದ ಮೇಲೆ ಅವರ ಹೆದರಿಕೆಯೆಲ್ಲ ತಾಯಿಯ ಮೇಲೆ ತಿರುಗಿತು. “ನಿನ್ನ ಪೂಜಿ ಸಲುವಾಗಿ ಕೂಸು ಹೋಗ್ತಿತ್ತು ಯವ್ವಾ! ಯಾರ್ ಇಡು ಅಂದಿದ್ರು ನಿನಗ?”

ಅತ್ತೆ ತಲೆ ತಗ್ಗಿಸಿ ನಿಂತಳು. ಯಾರಿಗೂ ತಲೆ ತಗ್ಗಿಸಿದವಳಲ್ಲ ಅವಳು. ಸುಮ್ಮನಿದ್ದಿದ್ದರೆ ತಪ್ಪು ಅವಳ ಹೆಸರಿಗೇ ಹೋಗುತ್ತಿತ್ತು, ನಾನು ಕೂಸಿನ ಜೀವ ಉಳಿಸಿದವಳು ಎಂದು ಉಳಿಯುತ್ತಿದ್ದೆ. ಒಂದು ಗಳಿಗೆ ಹಾಗೇ ಸುಮ್ಮನೆ ಇದ್ದೆ ಕೂಡ. ಆಮೇಲೆ ಆಗಲಿಲ್ಲ.

“ಇಟ್ಟಾಕಿ ಅತ್ತಿ. ಕಣ್ಣಾರೆ ನೋಡಿ ಬಿಟ್ಟು ಬಂದಾಕಿ ನಾನು. ಡಬ್ಬಿ ಹೊರೋದು ನನ್ನ ಕೆಲಸ ಇತ್ತು. ಬೈಯೋದಿದ್ರ ನನಗ ಬೈರಿ” ಅಂದೆ.

ಅವರು ಇಬ್ಬರಿಗೂ ಬೈಯಲಿಲ್ಲ. “ಇನ್ನ ಆಟ ಸಾಕು” ಅಂದರು ಅಷ್ಟೇ. ಆಗ ಮಂಚದ ಮೇಲಿಂದ ಮಗಳು ಮಾತಾಡಿದಳು. ದನಿ ಇನ್ನೂ ಒಡೆದಿತ್ತು.

“ಡಬ್ಬಿ ಅಜ್ಜಿ ಇಡ್ತಾಳ, ಯವ್ವಾ ಬಿಡ್ತಾಳ. ನನ್ನ ಕೈಯಾಗ ಯಾಕ ಕೊಡಂಗಿಲ್ಲ ನೀವು? ಜೀವಾ ನಂದು ಅಲ್ಲೇನು?”

ಐದು ವರ್ಷ ನಾನು ಅವಳ ಹಿಂದೆ ತಿರುಗಿದ್ದೇ ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಒಳಗೆ ಏನಿದೆ, ಹೇಗೆ ಹಾಕಬೇಕು ಎಂಬುದನ್ನು ಅವಳಿಗೆ ಒಮ್ಮೆಯೂ ತೋರಿಸಿರಲಿಲ್ಲ. ಮೂರ್ಖತನ ಅಂದರೆ ಇದೇ.

ರಾಯಚೂರಿಗೆ ಹೋದ ಮೊದಲ ಭಾನುವಾರ ಕಲಿಸಲು ಕೂತೆ. ಅರ ಹಿಡಿಯುವುದು, ಮುರಿಯುವುದು, ಎಳೆಯುವುದು. ಅವಳು ನನಗಿಂತ ಬೇಗ ಕಲಿತಳು. ಡಾಕ್ಟರ ಹತ್ತಿರ ಕರೆದೊಯ್ದು ತೋರಿಸಿದೆ. ಅವರು ಒಪ್ಪಿದರು. ಆದರೆ ಒಂಟಿಯಾಗಿ ಬೇಡ, ಪಕ್ಕದಲ್ಲಿ ತಿಳಿದ ದೊಡ್ಡವರೊಬ್ಬರು ಇರಲೇಬೇಕು ಅಂದರು. ನಮ್ಮ ಶಾಲೆಯ ಆಟದ ಟೀಚರು ತಾವೇ ಬಂದು ಕಲಿತುಕೊಂಡರು. ಡಬ್ಬಿ ಕಟ್ಟಿಕೊಳ್ಳಲು ಸೊಂಟದ ಪಟ್ಟಿ ಹೊಲಿದೆವು. ಅಂಗಳಕ್ಕೆ ಇಳಿಯುವಾಗ ಬಿಚ್ಚಿ ಟೀಚರ ಕೈಗೆ, ಹೊರಗೆ ಬಂದ ಕೂಡಲೇ ಮತ್ತೆ ಸೊಂಟಕ್ಕೆ. ಮೇಜು, ಕಪಾಟು, ಜಗಲಿ ಯಾವುದರ ಮೇಲೂ ಇಡುವಂತಿಲ್ಲ, ಮನುಷ್ಯರ ಕೈಯಲ್ಲೇ ಇರಬೇಕು. ಹಿಟ್ಟು ಉದುರಿಸಿದ್ದು ಏನೂ ತಿನ್ನುವಂತಿಲ್ಲ, ಯಾರು ಆಣೆ ಮಾಡಿದರೂ. ಈ ನಿಯಮ ಮಾಡಿದವಳು ಮಗಳು, ನಾನಲ್ಲ.

ಆ ಚಳಿಗಾಲದಲ್ಲಿ ಮಾನ್ವಿಯಲ್ಲಿ ಪಂದ್ಯ ಇತ್ತು. ಯಜಮಾನರು ಬೇಡ ಅನ್ನಲಿಲ್ಲ, ಹೂಂ ಕೂಡ ಅನ್ನಲಿಲ್ಲ. ನಾನು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿ ಬಂದೆ. ಮಗಳು ಆಟದ ಟೀಚರ ಮಗ್ಗುಲಿಗೆ ಕೂತು, ಪಟ್ಟಿಯ ಮೇಲೆ ಕೈ ಇಟ್ಟುಕೊಂಡು, ನನ್ನನ್ನು ಹೋಗು ಹೋಗು ಎಂದು ಕಣ್ಣಿನಲ್ಲೇ ಗದರಿಸಿದಳು. ಆ ಇಡೀ ದಿನ ನನಗೆ ಪಾಠ ಮಾಡಲು ಆಗಲಿಲ್ಲ. ಸಂಜೆ ಬಸ್ಸಿಳಿದು ಬಂದು, “ಸೋತ್ವಿ, ಉಪವಾಸ ಇದ್ದೀನಿ, ರೊಟ್ಟಿ ಹಾಕು” ಅಂದಳು. ನನಗೆ ಅಷ್ಟು ಖುಷಿಯಾದದ್ದು ಅವಳು ಗೆದ್ದಾಗಲೂ ನೆನಪಿಲ್ಲ.

ಮರುವರ್ಷದ ಮಹಾನವಮಿ ಮತ್ತೆ ದೇವದುರ್ಗದಲ್ಲೇ ಬಂತು. ಮಧ್ಯಾಹ್ನ ಖೋಖೋ ಇತ್ತು. ಬೆಳಿಗ್ಗೆಯಿಂದ ನಾನು ಜಗಲಿಯ ಸುತ್ತಮುತ್ತಲೇ ಓಡಾಡುತ್ತಿದ್ದೆ. ಈ ಸಲ ಏನಾದರೂ ಆದರೆ ದೇವಿಯ ಮುಂದೆಯೇ ಜಗಳ ಮಾಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಅತ್ತೆ ಕುಡುಗೋಲು, ತಕ್ಕಡಿ, ಪಾನಾ ಎಲ್ಲ ಸಾಲಾಗಿ ಇಟ್ಟಳು. ನಡುವೆ ಒಂದು ಮಣೆ ಹಾಕಿ ಮೊಮ್ಮಗಳನ್ನು ಕರೆದಳು.

“ಬಾ, ಇಲ್ಲಿ ಕೂಡು. ಪಟ್ಟಿ ಬಿಚ್ಚಬ್ಯಾಡ.”

ಮಗಳು ಕುಡುಗೋಲಿಗೂ ತಕ್ಕಡಿಗೂ ನಡುವೆ, ಸೊಂಟದ ಡಬ್ಬಿಯ ಸಮೇತ ಕಾಲು ಮಡಚಿ ಕೂತಳು. ಅತ್ತೆ ಎಲ್ಲ ಆಯುಧಗಳ ಜೊತೆ ಅವಳ ಹಣೆಗೂ ಡಬ್ಬಿಗೂ ವಿಭೂತಿ ಹಚ್ಚಿದಳು, ಅರಿಶಿನದ ದಾರವನ್ನು ಡಬ್ಬಿಗೆ ಕಟ್ಟದೆ ಅವಳ ಮುಂಗೈಗೆ ಕಟ್ಟಿದಳು, ಆರತಿ ಎತ್ತಿದಳು.

“ಅತ್ತೀ, ಪೂಜಿಗೆ ಕೂಡಿಸಿದ್ರಿ. ಇನ್ನ ನಾಳಿ ತನಕ ಎತ್ತಬಾರ್ದಲ್ಲ?”

“ಇಟ್ಟದ್ದನ್ನ ನಾವು ಎತ್ತಬಾರ್ದು” ಅಂದಳು ಅತ್ತೆ, ನನ್ನ ಕಡೆ ತಿರುಗಿಯೂ ನೋಡದೆ. “ತಾನಽ ಎದ್ದು ಹೋದ್ರ ಅದಕ್ಯಾರು ಏನ್ ಮಾಡಾಕ ಆಗ್ತದ? ಏಳವ್ವಾ, ಆಟಕ್ಕ ಹೊತ್ತಾತು.”

ಮಗಳು ಎದ್ದು ಬಯಲಿನ ಕಡೆ ಓಡಿದಳು.